ಗೇಟು ದಾಟಿದ ಮೇಲೆ ಸಿಗೋ ನೆಲ

ಎಳೆಗೂಸನ್ನು ನೋಡೋಕೆ ಹೋದವರು ಮೊದಲು ಆಡೋ ಮಾತು ಗೊತ್ತೇ ಇದೆ. ಮೂಗು ಅಪ್ಪನದು, ಕಣ್ಣು ಅಮ್ಮನದು, ಹಟ ಮಾತ್ರ ಅಜ್ಜಿಯದು ಅಂತಾರೆ. ಆಡಲಿ ಬಿಡಿ, ಕೇಳೋಕೆ ಹಿತವಾಗೇ ಇರುತ್ತೆ. ಆದರೆ ಬೆಂಗಳೂರಿನ ಹೂಡಿ, ಕಾಡುಗೋಡಿ ಕಡೆ ಇಷ್ಟು ಕಾಲ ಬಾಳಿದ ಮೇಲೆ ನನಗೆ ಬೇರೆ ಪ್ರಶ್ನೆಯೇ ಮೊದಲು ಬಾಯಿಗೆ ಬರುತ್ತೆ. ಈ ಕೂಸು ನಡೆಯೋಕೆ ಕಲಿತು ಮನೆ ಗೇಟು ದಾಟಿದ್ರೆ ಕಾಲಿಡೋದು ಎಲ್ಲಿಗೆ? ಮಣ್ಣಿಗಾ, ಟ್ಯಾಂಕರ್ ಓಡಾಡೋ ರಸ್ತೆಗಾ, ತೆರೆದ ಚರಂಡಿ ಚಪ್ಪಡಿಗಾ? ಅಪ್ಪ ಅಮ್ಮ ಕೊಟ್ಟ ಮೂಗು ಕಣ್ಣಿನಷ್ಟೇ, ಆ ನೂರು ಗಜ ನೆಲವೂ ಮಗುವನ್ನು ರೂಪಿಸುತ್ತೆ ಅಂತ ನಾನು ನಂಬಿದ್ದೀನಿ.

ನಮ್ಮ ಬೀದಿ ಕೊನೆಯ ಅಪಾರ್ಟ್‌ಮೆಂಟನ್ನೇ ನೋಡಿ. ಆಟದ ಜಾಗ ಇದೆ ಅಂತಾರೆ, ಇದೆ ನಿಜ. ಕಾರು ನಿಲ್ಲಿಸೋ ಬೇಸ್‌ಮೆಂಟಿನ ತಾರಸಿ ಮೇಲೆ ಒಂದಡಿ ಮಣ್ಣು ಹಾಕಿ ಹುಲ್ಲು ಹಾಸಿದ್ದಾರೆ. ಗಿಡ ನೆಟ್ರೆ ಬೇರು ಇಳಿಯಲ್ಲ, ಹಾಗಾಗಿ ಮರ ಇಲ್ಲ, ಮರ ಇಲ್ಲದ್ದಕ್ಕೆ ನೆರಳಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಶಾಲೆ ಬಿಟ್ಟು ಬಂದ ಮಕ್ಕಳು ಐದೂವರೆವರೆಗೂ ಹೊರಗೆ ಬರೋ ಹಾಗಿಲ್ಲ, ಕಾಲು ಸುಡುತ್ತೆ. ಬಿಸಿಲು ಇಳಿಯೋ ಹೊತ್ತಿಗೆ ಟ್ಯೂಷನ್. ಬಾಲು ಗಾಜಿಗೆ ಬಡಿಯುತ್ತೆ ಅಂತ ಕ್ರಿಕೆಟ್ ಆಡಬಾರದು ಅನ್ನೋ ಬೋರ್ಡು ಬೇರೆ. ಆ ಮಕ್ಕಳು ಒಳ್ಳೆಯವರು, ಚುರುಕು, ಸಿಕ್ಕಾಗಲೆಲ್ಲ ನಮಸ್ತೆ ಹೇಳ್ತಾರೆ. ಆದರೆ ಒಂದನೇ ಕ್ಲಾಸಿಗೇ ಕನ್ನಡಕ ಬಂದವರು ಎಷ್ಟು ಜನ! ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಬಯಲ ಆಟಕ್ಕೂ ಕಣ್ಣಿಗೂ ಇರೋ ಈ ನಂಟನ್ನೇ ಪರೀಕ್ಷೆ ಮಾಡಿದ್ರು. ಒಂದಷ್ಟು ಶಾಲೆಗಳ ಪುಟ್ಟ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಿಗೆ ಬಯಲಲ್ಲಿ ಆಡೋಕೆ ಬಿಟ್ರು, ಇನ್ನುಳಿದ ಶಾಲೆಗಳಲ್ಲಿ ಎಂದಿನ ಹಾಗೇ ನಡೆಸಿದ್ರು. ಮೂರು ವರ್ಷದ ಫಲಿತಾಂಶ 2015ರಲ್ಲಿ ಪ್ರಕಟವಾಯ್ತು. ಎಂದಿನ ಹಾಗಿದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಸದಾಗಿ ಸಮೀಪದೃಷ್ಟಿ ದೋಷ ಬಂದಿತ್ತು, ಬಯಲಿಗೆ ಬಿಟ್ಟವರಲ್ಲಿ ಸುಮಾರು 30 ಮಂದಿಗೆ. ಔಷಧಿ ಇಲ್ಲ, ಯಂತ್ರ ಇಲ್ಲ, ಬರೀ ಹಗಲ ಬೆಳಕು.

ಇನ್ನು ಕಾರ್ಖಾನೆಗಳ ಸೀಮೆಯಾದ ಪೀಣ್ಯದ ಕಡೆ ಬನ್ನಿ. ಲಗ್ಗೆರೆ, ಚೊಕ್ಕಸಂದ್ರ, ಹೆಗ್ಗನಹಳ್ಳಿ, ರಾಜಗೋಪಾಲನಗರ. ಒಂದು ಸಾಲಿನಲ್ಲಿ ಆರು ಮನೆ, ಎದುರು ಸಾಲಿನಲ್ಲಿ ಆರು, ನಡುವೆ ಇಬ್ಬರು ಒಟ್ಟಿಗೆ ನಡೆಯೋಕಾಗದಷ್ಟು ಓಣಿ, ಕೊನೆಗೊಂದು ನಲ್ಲಿ. ಬೆಳಿಗ್ಗೆ ಎಂಟೂಕಾಲಿಗೆ ಹೆಂಗಸರೆಲ್ಲ ಟಿಫನ್ ಬಾಕ್ಸು ಹಿಡಿದು ಗಾರ್ಮೆಂಟ್ಸಿಗೆ ಹೊರಟ್ರೆ ಓಣಿ ಖಾಲಿ. ಅಲ್ಲೊಂದು ಹುಡುಗಿಯನ್ನು ನಾನು ಹತ್ತಿರದಿಂದ ಬಲ್ಲೆ. ಏಳು ವರ್ಷ ಇರಬಹುದು. ಕತ್ತಿನಲ್ಲಿ ಹಳೇ ಐಡಿ ಕಾರ್ಡಿನ ದಾರ, ದಾರದ ತುದಿಗೆ ಮನೆ ಬೀಗದ ಕೈ. ಶಾಲೆಯಿಂದ ಬಂದವಳು ಬೀಗ ತೆಗೆದು, ಅನ್ನ ಹಾಕಿಕೊಂಡು ತಿಂದು, ತಟ್ಟೆ ತೊಳೆದಿಟ್ಟು, ಮತ್ತೆ ಬೀಗ ಹಾಕಿ ಹೊಸ್ತಿಲ ಮೇಲೆ ಕೂರ್ತಾಳೆ. ಒಳಗೆ ಒಬ್ಬಳೇ ಇರೋಕೆ ಭಯ, ಹೊರಗೆ ಆಡೋಕೆ ಜಾಗ ಇಲ್ಲ. ಅಮ್ಮ ಬರೋದು ಆರೂವರೆಗೆ. ಅಷ್ಟು ಹೊತ್ತೂ ಆ ಬೀಗದ ಕೈಯನ್ನು ಬಾಯಲ್ಲಿಟ್ಟು ಕಚ್ಚುತ್ತಾ ಇರ್ತಾಳೆ. ಕಬ್ಬಿಣದ ರುಚಿ ಆ ಮಗುವಿಗೆ ಅಭ್ಯಾಸ ಆಗಿಹೋಗಿದೆ.

1948ರ ಕಾರ್ಖಾನೆ ಕಾಯ್ದೆ ಬರೆದವರು ಇದನ್ನು ಸ್ವಲ್ಪ ಯೋಚಿಸಿದ್ರು. ಐವತ್ತಕ್ಕಿಂತ ಹೆಚ್ಚು (ಆಮೇಲಿನ ತಿದ್ದುಪಡಿಯಲ್ಲಿ ಮೂವತ್ತಕ್ಕಿಂತ ಹೆಚ್ಚು) ಹೆಂಗಸರು ದುಡಿಯೋ ಕಾರ್ಖಾನೆಯಲ್ಲಿ ಶಿಶುವಿಹಾರ ಇರಲೇಬೇಕು ಅಂದ್ರು. ಒಳ್ಳೇದೇ. ಆದರೆ ಅವರು ಲೆಕ್ಕ ಹಿಡಿದಿದ್ದು ಆರು ವರ್ಷದೊಳಗಿನ ಮಕ್ಕಳನ್ನ. ಆರು ತುಂಬಿದ ಮೇಲೆ, ಶಾಲೆ ಬಿಡೋ ಹೊತ್ತಿಗೂ ಶಿಫ್ಟು ಮುಗಿಯೋ ಹೊತ್ತಿಗೂ ನಡುವಿನ ಆ ಎರಡೂವರೆ ಗಂಟೆ ಯಾರ ಜವಾಬ್ದಾರಿ ಅಂತ ಯಾರೂ ಬರೆದಿಲ್ಲ. ಪೀಣ್ಯದ ಸರ್ಕಾರಿ ಶಾಲೆಗಳ ಅಂಗಳವನ್ನು ಸಂಜೆ ಆರೂವರೆವರೆಗೆ ತೆರೆದಿಟ್ಟು, ನೋಡಿಕೊಳ್ಳೋಕೆ ಒಬ್ಬರನ್ನು ನೇಮಿಸಿದ್ರೆ ಎಷ್ಟು ಬೀಗದ ಕೈ ಮಕ್ಕಳ ಕತ್ತಿನಿಂದ ಇಳಿಯುತ್ತೆ! ಇದೇನು ದೊಡ್ಡ ಯೋಜನೆ ಅಲ್ಲ.

ಅದೇ ಓಣಿಗಳು ಇನ್ನೊಂದನ್ನೂ ಮಾಡಿವೆ, ಅದನ್ನು ಹೇಳದಿದ್ರೆ ಅನ್ಯಾಯ. 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರಲ್ಲ, ನೆನಪಿದೆಯಾ? ಭವಿಷ್ಯನಿಧಿಯ ದುಡ್ಡನ್ನು ಪೂರ್ತಿ ತೆಗೆಯೋಕೆ 58 ವರ್ಷ ಆಗಲೇಬೇಕು ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಮಂಡ್ಯದವಳು, ಹಾಸನದವಳು, ಯಾದಗಿರಿಯವಳು ಒಂದೇ ನಲ್ಲಿಯಲ್ಲಿ ಕೊಡ ಇಟ್ಟು, ಒಂದೇ ಬಸ್ಸಿಗೆ ಓಡಿ, ಒಂದೇ ಸಾಲಿನಲ್ಲಿ ಮೆಷಿನ್ ತುಳಿದವರು. ಒಬ್ಬಳ ಕಿವಿಗೆ ಬಿದ್ದ ಸುದ್ದಿ ಎಲ್ಲರ ಕಿವಿಗೂ ಬಿತ್ತು. ಎರಡನೇ ದಿನವೇ ಕೇಂದ್ರ ಆ ನಿಯಮ ವಾಪಸ್ ತಗೊಂಡಿತು. ಇಕ್ಕಟ್ಟಿನ ಜಾಗ ಮಕ್ಕಳಿಂದ ಆಟ ಕಿತ್ತುಕೊಂಡಿತು, ಅವರ ತಾಯಂದಿರಿಗೆ ಒಗ್ಗಟ್ಟು ಕೊಟ್ಟಿತು. ಎರಡೂ ಆ ಓಣಿಯದ್ದೇ ಕೆಲಸ.

ನೆಲದ ಹಾಗೇ ಮಗುವನ್ನು ರೂಪಿಸೋ ಸದ್ದಿನ ವಿಷಯ ಒಂದಿಷ್ಟು ಹೇಳಿಬಿಡ್ತೀನಿ. ನ್ಯೂಯಾರ್ಕಿನ ಒಂದು ಶಾಲೆ ಪಕ್ಕದಲ್ಲೇ ಮೇಲುಹಳಿಯ ರೈಲು ಹೋಗ್ತಿತ್ತು. 1975ರಲ್ಲಿ ಆರ್ಲೀನ್ ಬ್ರಾನ್‌ಜಾಫ್ಟ್ ಅನ್ನೋ ಮನಶ್ಶಾಸ್ತ್ರಜ್ಞೆ ಅಲ್ಲಿನ ಮಕ್ಕಳ ಓದು ಪರೀಕ್ಷಿಸಿದ್ರು. ರೈಲಿನ ಕಡೆಯ ಕೊಠಡಿಗಳಲ್ಲಿ ಕಲಿತ ಮಕ್ಕಳು ಆರನೇ ಕ್ಲಾಸಿನ ಹೊತ್ತಿಗೆ ಇನ್ನೊಂದು ಕಡೆಯ ಮಕ್ಕಳಿಗಿಂತ ಸುಮಾರು ಒಂದು ವರ್ಷ ಹಿಂದೆ ಬಿದ್ದಿದ್ರು. ಆಮೇಲೆ ಹಳಿಗೆ ರಬ್ಬರ್ ಹಾಕಿದ್ರು, ಕೊಠಡಿಗೆ ಸದ್ದು ಹೀರೋ ಚಾವಣಿ ಹಾಕಿದ್ರು, ಅಂತರ ಹೋಯ್ತು. ಅದೇ ಊರು, ಅದೇ ಶಾಲೆ, ಬದಲಾಗಿದ್ದು ಸದ್ದೊಂದೇ. ಹಕ್ಕಿಗಳ ಪಾಡೂ ಅದೇ. ನೆದರ್ಲೆಂಡ್ಸಿನ ಲೈಡನ್ ಊರಲ್ಲಿ ಗ್ರೇಟ್ ಟಿಟ್ ಅನ್ನೋ ಪುಟ್ಟ ಹಕ್ಕಿ ಗದ್ದಲದ ಬೀದಿಯಲ್ಲಿ ಶ್ರುತಿ ಏರಿಸಿ ಹಾಡುತ್ತೆ, ಇಲ್ಲದಿದ್ರೆ ವಾಹನಗಳ ಮಧ್ಯೆ ಸಂಗಾತಿಗೆ ಕೇಳಿಸಲ್ಲ ಅಂತ 2003ರಲ್ಲಿ ಕಂಡುಕೊಂಡ್ರು. ನಮ್ಮಲ್ಲಿ ಹೆದ್ದಾರಿಗೆ ಕಿಟಕಿ ತೆರೆದ ಸರ್ಕಾರಿ ಶಾಲೆಗಳಲ್ಲಿ ಮೇಷ್ಟರು ಮೇಡಮ್ಮುಗಳು ಹೀಗೇ ದನಿ ಏರಿಸ್ತಾ ಏರಿಸ್ತಾ ಗಂಟಲು ಕಳಕೊಂಡಿದ್ದಾರೆ. ಆ ಮಕ್ಕಳ ಫಲಿತಾಂಶ ಕಡಿಮೆ ಬಂದ್ರೆ ಮಕ್ಕಳನ್ನೇ ಬೈತೀವಿ.

ನೆಲ ರೂಪಿಸೋದು ಮಕ್ಕಳನ್ನಷ್ಟೇ ಅಲ್ಲ, ಈಗ ಪ್ರಾಣಿಗಳ ಸಂಗತಿ ನೋಡಿ. 2016ರ ಫೆಬ್ರುವರಿ 7ರಂದು ವೈಟ್‌ಫೀಲ್ಡ್ ಬಳಿ ಕುಂದಲಹಳ್ಳಿ ಕಡೆಯ ಶಾಲೆಯೊಂದರೊಳಗೆ ಚಿರತೆ ಬಂದಿತ್ತಲ್ಲ, ಅವತ್ತು ಭಾನುವಾರ ಆಗಿದ್ದು ನಮ್ಮ ಪುಣ್ಯ. ಇಡೀ ದಿನ ಕಾರ್ಯಾಚರಣೆ ನಡೀತು, ಈಜುಕೊಳದ ಪಕ್ಕ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅವರ ಮೇಲೆ ಅದು ಎರಗಿದ ದೃಶ್ಯ ದೇಶವೆಲ್ಲ ನೋಡಿತು. ಅದರ ಬೆನ್ನಿಗೇ ಮತ್ತೆ ಚಿರತೆ ಕಂಡಿತು ಅನ್ನೋ ಸುದ್ದಿ ಹಬ್ಬಿ ಆ ವಾರ ಈ ಭಾಗದ ನೂರಕ್ಕೂ ಹೆಚ್ಚು ಶಾಲೆಗಳಿಗೆ ರಜೆ ಕೊಟ್ರು. 2023ರಲ್ಲಿ ಇನ್ನೊಂದು ಚಿರತೆ ಸಿಂಗಸಂದ್ರ, ಕೂಡ್ಲು ಗೇಟ್ ಕಡೆ ಕಾಣಿಸಿಕೊಂಡು, ಅರ್ಧ ಕಟ್ಟಿದ ಕಟ್ಟಡದಲ್ಲಿ ಅಡಗಿ, ನವೆಂಬರ್ 1ರಂದು ಸೆರೆ ಹಿಡಿಯೋ ಹೊತ್ತಲ್ಲೇ ಸತ್ತುಹೋಯ್ತು. ರಾಜ್ಯೋತ್ಸವದ ದಿನ. ಆ ಪ್ರಾಣಿಗಾಗಿ ನನಗೆ ಸಂಕಟ ಆಗಿತ್ತು, ಈಗಲೂ ಆಗುತ್ತೆ.

ಚಿರತೆ ಕಾಡು ಬಿಟ್ಟು ಊರಿಗೆ ಬಂತು ಅಂತ ಸುಲಭವಾಗಿ ಹೇಳಿಬಿಡ್ತೀವಿ. ಮಹಾರಾಷ್ಟ್ರದ ಅಕೋಲೆ ಅನ್ನೋ ಕಬ್ಬಿನ ಸೀಮೆಯಲ್ಲಿ ವಿದ್ಯಾ ಅತ್ರೇಯ ಅವರ ತಂಡ ಚಿರತೆಗಳ ಆಹಾರ ಪರೀಕ್ಷಿಸಿತು. ಅಲ್ಲಿ ಚಿರತೆ ಹೆಚ್ಚಾಗಿ ತಿಂತಿದ್ದದ್ದು ನಾಯಿಗಳನ್ನ. ಇದನ್ನು ಓದಿದ ಮೇಲೆ ನಮ್ಮ ಕಡೆಯ ಬೀದಿ ನನಗೆ ಬೇರೆ ಥರ ಕಾಣಿಸ್ತು. ಖಾಲಿ ಸೈಟಿನಲ್ಲಿ ಯಾರೋ ರಾತ್ರಿ ಚಿಕನ್ ಅಂಗಡಿಯ ಚೀಲ ಎಸೀತಾರೆ. ಬೆಳಗಾಗೋದ್ರೊಳಗೆ ಅಲ್ಲಿ ನಾಲ್ಕು ನಾಯಿ. ತಿಂಗಳು ಕಳೆದ್ರೆ ಎಂಟು ನಾಯಿ, ಮರಿಗಳು. ಆ ಸೈಟು ಈಗ ಅವುಗಳ ಮನೆ, ಕಾಯೋದು ಅವುಗಳ ಧರ್ಮ, ದಾಟಿ ಶಾಲೆಗೆ ಹೋಗೋ ಮಗುವನ್ನು ಕಂಡ್ರೆ ಬೊಗಳ್ತಾವೆ, ಕೆಲವು ಸಲ ಕಚ್ಚುತ್ವೆ. ಅದೇ ಜಾತಿಯ ನಾಯಿ ಟೀ ಅಂಗಡಿ ಮುಂದೆ ಬೆಳೆದಿದ್ರೆ ಬಿಸ್ಕತ್ತು ತಿಂದು, ನೂರಾರು ಕಾಲುಗಳ ನಡುವೆ ಮಲಗಿ, ಯಾರಿಗೂ ತೊಂದರೆ ಕೊಡಲ್ಲ. ಎಲೆಕ್ಟ್ರಾನಿಕ್ ಸಿಟಿ ಫೇಸ್ ಒಂದರಲ್ಲಿ ಕಂಪನಿ ಗೇಟಿನ ಸೆಕ್ಯುರಿಟಿಯವರ ಜೊತೆ ಬೆಳೆದ ನಾಯಿಗಳನ್ನು ನೋಡಿ, ರಾತ್ರಿ ಪಾಳಿ ಮುಗಿಸಿ ಬರೋ ಹುಡುಗಿಯರನ್ನು ಕ್ಯಾಬಿನವರೆಗೂ ಬಿಟ್ಟು ಬರ್ತವೆ. ನಾಯಿ ಒಂದೇ, ನೆಲ ಬೇರೆ. ಕಚ್ಚಿದ ನಾಯಿಯನ್ನು ಹಿಡ್ಕೊಂಡು ಹೋದ ಮಾರನೇ ದಿನವೂ ಚೀಲ ಬೀಳುತ್ತಲ್ಲ, ಅದರ ಬಗ್ಗೆ ಯಾರೂ ಬಾಯಿ ಬಿಡಲ್ಲ.

ಆ ಚೀಲಗಳೆಲ್ಲ ಕೊನೆಗೆ ಹೋಗಿದ್ದು ಯಾರ ಊರಿಗೆ ಗೊತ್ತಾ? ವೈಟ್‌ಫೀಲ್ಡಿನಿಂದ ಬೂದಿಗೆರೆ ದಾರಿ ಹಿಡಿದ್ರೆ ಸಿಗೋ ಮಂಡೂರಿಗೆ. ವರ್ಷಗಟ್ಟಲೆ ಬೆಂಗಳೂರಿನ ಕಸ ಅಲ್ಲಿ ಬೆಟ್ಟವಾಗಿ ಬಿತ್ತು. ಬಾವಿ ನೀರು ಕೆಟ್ಟಿತು, ಊಟದ ತಟ್ಟೆ ಮೇಲೆ ನೊಣ ಕೂತವು, ಆ ಊರಿಗೆ ಹೆಣ್ಣು ಕೊಡೋಕೂ ಜನ ಹಿಂದೆಮುಂದೆ ನೋಡಿದ್ರು. 2014ರಲ್ಲಿ ಊರಿಗೆ ಊರೇ ಕೂತು ಲಾರಿ ತಡೆದ ಮೇಲೆ, ಆ ವರ್ಷದ ಡಿಸೆಂಬರಿಗೆ ಕಸ ಸುರಿಯೋದು ನಿಂತಿತು. ಲಾರಿಗಳು ಬೇರೆ ಊರಿನ ಕಲ್ಲುಕ್ವಾರಿಗಳ ಕಡೆ ತಿರುಗಿದ್ವು ಅಷ್ಟೇ.

ನೀರಿನದೂ ಇದೇ ದಾರಿ. ಬೆಳ್ಳಂದೂರು ಕೆರೆಗೆ 2018ರ ಜನವರಿಯಲ್ಲಿ ಬೆಂಕಿ ಬಿದ್ದು ಸೈನಿಕರು ಬಂದು ಆರಿಸಿದ್ರು. ಅದರ ಕೋಡಿ ನೀರು ಸೇರೋ ವರ್ತೂರು ಕೆರೆಯಲ್ಲಿ ಸೋಪಿನ ನೊರೆ ಎದ್ದು ಗಾಳಿಗೆ ಹಾರಿ ಬೈಕಿನವರ ಮುಖಕ್ಕೆ ಬಡೀತಿತ್ತು, ಅದನ್ನು ತಡೆಯೋಕೆ ಸೇತುವೆ ಪಕ್ಕ ಎತ್ತರದ ಬಲೆ ಕಟ್ಟಿದ್ರು. ಪೀಣ್ಯದ ಕಡೆ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದಿದೆ. ಅಲ್ಲಿನ ರಾಜಕಾಲುವೆ ವೃಷಭಾವತಿ ಸೇರಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗಿ, ಅಲ್ಲಿನ ರೈತರ ಗದ್ದೆಗೂ ದನದ ಬಾನಿಗೂ ತಲುಪುತ್ತೆ. ನಮ್ಮ ನಾಲ್ಕು ಗೋಡೆಯೊಳಗೆ ನಾವು ಶುಚಿಯಾಗಿರೋದರ ಬೆಲೆ ಇನ್ನೊಂದು ಊರಿನ ಎಮ್ಮೆ ಕೊಡ್ತಾ ಇದೆ.

ಇಷ್ಟು ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿರೋ ಮುಖ್ಯ ಮಾತಿಗೆ ಬರ್ತೀನಿ. ನಿಮಗೆ ಗುಂಡುತೋಪು ಗೊತ್ತಾ? ಈ ಸೀಮೆಯ ಹಳೇ ಊರುಗಳಲ್ಲಿ ಕೆರೆ, ಗೋಮಾಳ, ಸ್ಮಶಾನ ಇದ್ದ ಹಾಗೇ ಗುಂಡುತೋಪು ಅಂತ ಒಂದು ಇರ್ತಿತ್ತು. ಮಾವು, ಹಲಸು, ಹುಣಸೆ, ನೇರಳೆ, ಹೊಂಗೆ, ಅರಳಿ. ಯಾರ ಸ್ವಂತದ್ದೂ ಅಲ್ಲ, ಊರಿನದು. ನಮ್ಮ ಕಾಂಪೌಂಡಿನಾಚೆ ಮನೆಯ ಅಜ್ಜಿ ಇಲ್ಲಿನ ಮೂಲದವರು, ಅವರ ಬಾಯಲ್ಲೇ ಇದನ್ನು ಕೇಳಬೇಕು. ಬೆಳಿಗ್ಗೆ ದನ ಹೊಡ್ಕೊಂಡು ಹೋದ ಹುಡುಗರು ಮಧ್ಯಾಹ್ನ ತೋಪಿನ ನೆರಳಿಗೆ ದನ ತರ್ತಿದ್ರಂತೆ. ದನ ಮಲಗಿ ಮೆಲುಕು ಹಾಕೋವಾಗ ಹುಡುಗರು ಮರಕೋತಿ ಆಡೋರು, ಹೆಣ್ಣುಮಕ್ಕಳು ಹುಣಸೆ ಚಿಗುರು ಆಯೋರು. ಸಂತೆಗೆ ಹೋಗೋ ಗಾಡಿಗಳು ಅಲ್ಲೇ ನೊಗ ಇಳಿಸೋವು. ಮಾವಿನ ಫಸಲು ಹರಾಜಿಗೆ ಬಿಟ್ಟು ಬಂದ ದುಡ್ಡು ಊರ ದೇವಸ್ಥಾನಕ್ಕೆ, ಹಬ್ಬಕ್ಕೆ. ಊರಲ್ಲಿ ಜಗಳ ಆದ್ರೆ ನ್ಯಾಯ ಮಾಡೋದೂ ಅದೇ ಮರದ ಬುಡದಲ್ಲಿ.

ಮಕ್ಕಳು, ದನ, ಊರು, ಮೂರೂ ಒಂದೇ ನೆರಳಲ್ಲಿ ಕೂರ್ತಿದ್ದ ಜಾಗ ಅದು. ದನ ಹಾದ್ರೆ ಪುಟ್ಟ ಮಗು ಹೆದರ್ತಿರಲಿಲ್ಲ, ಯಾಕಂದ್ರೆ ದಿನಾ ನೋಡ್ತಿತ್ತು. ನಾಯಿ ಕಚ್ಚುತ್ತೋ ಇಲ್ಲವೋ ಅಂತ ಅದರ ಬಾಲ ನೋಡಿಯೇ ಮಗುವಿಗೆ ಗೊತ್ತಾಗ್ತಿತ್ತು. ಹಲಸಿನ ಮರ ಎಷ್ಟು ಎತ್ತರ ಹತ್ತಬಹುದು, ಎಲ್ಲಿಂದ ಮುಂದೆ ಕೊಂಬೆ ತಾಳಲ್ಲ ಅಂತ ಕೈಕಾಲಿಗೇ ತಿಳೀತಿತ್ತು. ದಾರಿಹೋಕರೂ ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದರಿಂದ ಬೇರೆ ಸೀಮೆಯವರ ಮಾತೂ ಮಕ್ಕಳ ಕಿವಿಗೆ ಬೀಳ್ತಿತ್ತು. ಜಾತಿ ಬೇಲಿ ಆಗಲೂ ಇತ್ತು, ಬಾವಿ ಹತ್ತಿರಕ್ಕೆ ಎಲ್ಲರನ್ನೂ ಬಿಡ್ತಿರಲಿಲ್ಲ, ಅದನ್ನು ಮುಚ್ಚಿಟ್ಟು ಹಳೇ ಕಾಲವನ್ನು ಹೊಗಳೋಕೆ ನನಗೆ ಮನಸ್ಸಿಲ್ಲ. ಅಜ್ಜಿಯೇ ಹೇಳ್ತಾರೆ, ನೀರಿಗೆ ಇದ್ದ ಕಟ್ಟು ನೆರಳಿಗೆ ಅಷ್ಟು ಇರಲಿಲ್ಲ ಅಂತ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ ಮತ್ತು ಸೀಮಾ ಮುಂಡೋಳಿ ಬೆಂಗಳೂರಿನ ಅಂಚಿನ ಈ ಗುಂಡುತೋಪುಗಳನ್ನು ಹುಡುಕಿಕೊಂಡು ಹೋಗಿ ಅಧ್ಯಯನ ಮಾಡಿದ್ದಾರೆ. ಕಡತದಲ್ಲಿ ತೋಪು, ನೆಲದ ಮೇಲೆ ಬಸ್ ಸ್ಟ್ಯಾಂಡು, ಪಂಚಾಯ್ತಿ ಕಚೇರಿ, ಅಂಗನವಾಡಿ, ನೀರಿನ ಟ್ಯಾಂಕು. ಖಾಸಗಿಯವರು ನುಂಗಿದ್ದೂ ಇದೆ, ಸರ್ಕಾರವೇ ಕಟ್ಟಿಕೊಂಡದ್ದೂ ಇದೆ. ಅಂಗನವಾಡಿ ಬೇಡವೇ ಅಂತ ಕೇಳ್ತೀರಿ. ಬೇಕು, ಆದರೆ ಮರ ಕಡಿಯದೆ ಮರದ ಕೆಳಗೆ ಬೇಕು.

ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ನೆಲದ 332 ಎಕರೆಯಲ್ಲಿ, ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸಿನಿಂದ. ದೊಡ್ಡ ಕನಸು, ಲಕ್ಷಾಂತರ ಮನೆಗೆ ಅನ್ನ ಹಾಕಿತು, ಅದನ್ನು ಯಾರೂ ಅಲ್ಲಗಳೆಯೋ ಹಾಗಿಲ್ಲ. ಈಗ ಅಲ್ಲಿ ಟೌನ್‌ಶಿಪ್ ಪ್ರಾಧಿಕಾರದ ಒಳಗೆ ಅಚ್ಚುಕಟ್ಟಾದ ಫುಟ್‌ಪಾತು, ಸಾಲುಮರ. ಗಡಿ ದಾಟಿ ಅದೇ ತೋಗೂರಿನ ಪಿಜಿ ಗಲ್ಲಿಗೆ ಕಾಲಿಟ್ರೆ ಆಕಾಶವೇ ಪಟ್ಟಿಯಷ್ಟು ಕಾಣುತ್ತೆ. ಹತ್ತು ಹೆಜ್ಜೆ ಅಂತರದಲ್ಲಿ ಎರಡು ಬಾಲ್ಯ.

ಹಾಗಂತ ಊರು ಸತ್ತಿಲ್ಲ. ಅಲ್ಲೇ ಪಕ್ಕದ ಹುಸ್ಕೂರಿನ ಮದ್ದೂರಮ್ಮನ ಜಾತ್ರೆ ನೋಡಬೇಕು. ಸುತ್ತಲ ಹಳ್ಳಿಗಳವರು ನೂರಡಿ ಮೀರಿದ ತೇರು ಕಟ್ಟಿ ಎಳ್ಕೊಂಡು ಬರ್ತಾರೆ. ಹಿಂದೆ ಪೂರ್ತಿ ಎತ್ತಿನ ಬಲ, ಈಗ ಎತ್ತಿನ ಜೊತೆ ಟ್ರ್ಯಾಕ್ಟರು. ಹೊಲ ಮಾರಿ ಹತ್ತಾರು ವರ್ಷವಾದ ಮನೆಯವರೂ ಜಾತ್ರೆಗೆಂದೇ ಎತ್ತು ಸಾಕ್ತಾರೆ. ತೇರು ಹಾದುಹೋಗೋ ದಾರಿಯಲ್ಲಿ ಕರೆಂಟಿನ ತಂತಿ ಬಿಚ್ಚಿ ಕೊಡ್ತಾರೆ. 2025ರ ಮಾರ್ಚಿನಲ್ಲಿ ಗಾಳಿಮಳೆಗೆ ತೇರುಗಳು ಉರುಳಿ ಸಾವುನೋವಾಯ್ತು, ಎತ್ತರಕ್ಕೆ ಮಿತಿ ಇರಲೇಬೇಕು ಅಂತ ನಾನೂ ಹೇಳ್ತೀನಿ. ಆದರೆ ತೇರು ನಿಲ್ಲೋಕೆ ಒಂದು ಬಯಲು ಉಳಿದಿದ್ದರಿಂದಲೇ ಆ ಹಳ್ಳಿಗಳು ಇನ್ನೂ ಹಳ್ಳಿಗಳಾಗಿ ಉಳಿದಿವೆ ಅನ್ನೋದೂ ನಿಜ.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಜನರೇ ಪಾಲಿಕೆಯ ಜೊತೆ ನಿಂತು ಉಳಿಸಿಕೊಂಡ್ರಲ್ಲ, ನನಗೆ ಅದು ಬಹಳ ಹಿಡಿಸಿದ ಕೆಲಸ. ಪಕ್ಕದಲ್ಲೇ ಸರ್ಕಾರಿ ಶಾಲೆ. ಕೆರೆ ಸರಿಮಾಡೋವಾಗ ಶಾಲೆ ಮಕ್ಕಳನ್ನೂ, ಹುಲ್ಲು ಕೊಯ್ಯೋಕೆ ಬರೋ ಹೆಂಗಸರನ್ನೂ ಲೆಕ್ಕಕ್ಕೆ ತಗೊಂಡ್ರು. ಕೆಲವು ಕೆರೆಗಳಿಗೆ ಬೇಲಿ ಹಾಕಿ, ಬೆಳಿಗ್ಗೆ ಸಂಜೆ ವಾಕಿಂಗ್‌ನವರಿಗೆ ಮಾತ್ರ ಗೇಟು ತೆಗೀತಾರೆ. ಮಧ್ಯಾಹ್ನ ಆಡೋಕೆ ಬಂದ ಕೂಲಿಯವರ ಶೆಡ್ಡಿನ ಮಗುವಿಗೆ, ಎಮ್ಮೆ ತಂದ ಮುದುಕನಿಗೆ ಬಾಗಿಲು ಮುಚ್ಚಿರುತ್ತೆ. ಅಂಥ ಕೆರೆ ಎಷ್ಟು ಚೆಂದ ಇದ್ರೂ ಅರ್ಧ ಕೆರೆಯೇ. ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕಿನ ಮಗ್ಗುಲಲ್ಲಿರೋ ಪಟ್ಟಂದೂರು ಕೆರೆ ಕಟ್ಟಿಸಿದ ವಿಷಯ 1043ರ ಕಾಡುಗೋಡಿ ಶಾಸನದಲ್ಲಿದೆ, ರಾಜೇಂದ್ರ ಚೋಳನ ಕಾಲದ್ದು. ಅದರ ಒತ್ತುವರಿ ವಿರುದ್ಧ ವೈಟ್‌ಫೀಲ್ಡಿನ ಹೊಸ ಜನ ಬೀದಿಗಿಳಿದಾಗ ನನಗೆ ತುಂಬಾ ಸಮಾಧಾನ ಆಯ್ತು. ಬೇರೆ ರಾಜ್ಯದಿಂದ ಬಂದವರು ಆ ಕೆರೆಗಾಗಿ ನಿಂತ್ರು ಅಂದ್ರೆ, ನೆಲ ಅವರನ್ನೂ ಈ ಊರಿನವರನ್ನಾಗಿ ಮಾಡಿದೆ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ರಾಜ್ಯದ ಭೂಮಾಪನ ಇಲಾಖೆಯ ದಿಶಾಂಕ್ ಆಪ್ ಮೊಬೈಲಿಗೆ ಹಾಕ್ಕೊಳ್ಳಿ. ನಿಮ್ಮ ಲೇಔಟಿನ ಸುತ್ತ ಖಾಲಿ ಬಿದ್ದಿರೋ ಜಾಗದಲ್ಲಿ ನಿಂತು ಸರ್ವೆ ನಂಬರು ನೋಡಿ, ಆ ನಂಬರಿನ ಪಹಣಿ ತೆಗೆಸಿ. ಗುಂಡುತೋಪು, ಗೋಮಾಳ, ಕೆರೆ ಅಂತ ಇದ್ರೆ ಬರ್ಕೊಳ್ಳಿ. ಅಲ್ಲಿ ಯಾರಾದ್ರೂ ಕಲ್ಲು ನೆಡ್ತಿದ್ರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. 2011ರ ಭೂಕಬಳಿಕೆ ನಿಷೇಧ ಕಾಯ್ದೆ ಇದೆ, ಅದಕ್ಕೆಂದೇ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವೂ ಇದೆ. ಯಾರೂ ಕಲ್ಲು ನೆಟ್ಟಿಲ್ಲ ಅಂದ್ರೆ ಈ ಮಳೆಗಾಲಕ್ಕೇ ಪಂಚಾಯ್ತಿಯನ್ನೋ ಪಾಲಿಕೆಯನ್ನೋ ಕೇಳಿ ನಾಲ್ಕು ಹಲಸು, ನಾಲ್ಕು ನೇರಳೆ, ಎರಡು ಹುಣಸೆ ಸಸಿ ನೆಡಿಸಿ. ಅರ್ಜಿ ಬರೆಯೋಕೆ ಜೊತೆ ಬೇಕಾದ್ರೆ ಕಾಂಪೌಂಡಿನ ಹತ್ತಿರ ಒಂದು ಕೂಗು ಹಾಕಿ, ನಾನೂ ಬರ್ತೀನಿ.